ಕಟ್ಟೆಯ ಮೇಲೆ ಶ್ರದ್ಧಾಳ ಹೆಸರು

“ಇವಗ ನಾ ಏನು ಕೇಡು ಮಾಡೇನಿ?”

ಶ್ರದ್ಧಾ ಕೇಳಿದ್ದು ಯಾರನ್ನೂ ಅಲ್ಲ. ಬಸದಿಯ ಗೋಡೆಗೆ ಬೆನ್ನು ಹಚ್ಚಿ ಒಬ್ಬಳೇ ನಿಂತಿದ್ದಳು. ಎದುರಿನ ಬೇವಿನ ಕಟ್ಟೆಯ ಸುತ್ತ ಓಣಿಯೆಲ್ಲ ಸೇರಿತ್ತು. ಆ ಜನರ ನಡುವೆ ಎದ್ದು ನಿಂತಿದ್ದ ತೇಜಸ ಒಮ್ಮೆ ಅವಳತ್ತ ನೋಡಿದ. ಒಂದೇ ಗಳಿಗೆ! 

ಅವನು ಹಿರಿಯ ಸತ್ಯಪ್ಪಜ್ಜನತ್ತ ತಿರುಗಿ ಅಂದದ್ದನ್ನೇ ಮತ್ತೆ ಅಂದ.

“ಶ್ರದ್ಧಾ ಬ್ಯಾಡ್ರಿ ಅಜ್ಜಾ. ಇಂದುಬಾಯಿ ಕಾಕುನ್ನ ನಿಲ್ಲಸೂಣು.”

ಅದು ಎರಡು ಸಾವಿರದ ಇಸವಿಯ ಪಂಚಾಯಿತಿ ಚುನಾವಣೆ. ಘೋಡಗೇರಿಯ ಆ ಓಣಿಯ ಸೀಟು ಈ ಸಲ ಹೆಣ್ಣುಮಕ್ಕಳಿಗೆ ಬಂದಿತ್ತು. ಅರ್ಜಿ ಹಾಕುವ ಮೊದಲು ಕಟ್ಟೆಯಲ್ಲಿ ಕೂತು ಒಂದೇ ಹೆಸರು ಆರಿಸುವುದು ಓಣಿಯ ವಾಡಿಕೆ. ಆರಿಸಿದ ಮೇಲೆ ಮನೆಯವರೂ ಬೇಡ ಅನ್ನುವಂತಿಲ್ಲ. ಕತ್ತಲಾದರೆ ಜೈನರ ಮನೆಗಳಲ್ಲಿ ಊಟವಿಲ್ಲ. ಅದಕ್ಕೇ ಮಾತು ಎಷ್ಟೇ ಏರಲಿ, ಹೊತ್ತು ಮುಳುಗುವುದರೊಳಗೆ ಮುಗಿಯಬೇಕು.

ಶ್ರದ್ಧಾಳ ಜೀವ ಆ ಒಂದು ಹೆಸರಿಗೆ ಜೋತುಬಿದ್ದಿತ್ತು. ಅಪ್ಪ ಗೊತ್ತು ಮಾಡಿದ್ದ ಹತ್ತರಗಿಯ ಗಂಡಿನ ಮನೆಯವರು ಹೇಳಿ ಕಳಿಸಿದ್ದರು: “ಹುಡುಗಿ ಮೆಂಬರ್ ಆದ್ರ ಸಂಬಂಧ ಬ್ಯಾಡ.” ಅಪ್ಪ ವರ್ಧಮಾನ ಮಗಳ ಕಣ್ಣೀರಿಗೆ ಕರಗಿರಲಿಲ್ಲ. ಆದರೆ ಓಣಿಯ ಮಾತು ಮೀರುವವನಲ್ಲ. ಅದಕ್ಕೇ ಬಾಜೂಮನೆಯ ರಶೀದಾಬಿಯ ಕೈ ಹಿಡಿದು ಬೇಡಿದ್ದಳು, “ನನ್ನ ಹೆಸರು ನೀವು ಎತ್ರಿ ಚಾಚಿ...”

ಆ ಹೆಸರನ್ನು ಮುರಿಯಲು ಎದ್ದವನು ತೇಜಸನೇ? ಯಾರಿಗಾಗಿ ಈ ಊರು ಬಿಡಲಾರಳೋ, ಅವನೇ!

“ಯಾಕ ಬ್ಯಾಡ?” ರಶೀದಾಬಿ ಎದ್ದಳು. “ಬಾಲವಾಡಿಯೊಳಗ ನಮ್ಮ ಮಕ್ಕಳಿಗೆ ಅಕ್ಷರ ಕಲಿಸ್ಯಾಳ. ಹುಕ್ಕೇರಿ ಆಫೀಸಿನ್ಯಾಗ ಸಾಹೇಬರ ಎದುರು ನಿಂತು ಮಾತಾಡಾಕ ಬರತೈತಿ.”

“ನನಗ ಬರಂಗಿಲ್ಲೇನ?” ಇಂದುಬಾಯಿ ಗುಡುಗಿದಳು. “ನಾ ಬೈದ್ರ ನಳದಾಗ ನೀರು ತಾನ ಬರತೈತಿ!”

“ಖರೆ ಐತ್ರಿ,” ಅಂದ ಉದ್ದಪ್ಪ ಕಟ್ಟೆಯ ತುದಿಯಿಂದ. “ನೀರು ಬರತೈತಿ, ನೀರು ಬಿಡಾಂವ ಓಡಿ ಹೋಗ್ತಾನ!”

ಜನ ಗೊಳ್ಳೆಂದಿತು. ಸತ್ಯಪ್ಪಜ್ಜ ಮಾತ್ರ ನಗಲಿಲ್ಲ.

“ಇಂದುಬಾಯಿ ಊರಾಗ ಇರಾಕಿ. ಈ ಹುಡುಗಿ ನಾಳೆ ಲಗ್ನ ಆಗಿ ಹೋದ್ರ ನಾವು ಯಾರನ್ನ ಕೇಳೂದು?”

“ಅದನ್ನ ನಾನೂ ಅನ್ನಾಕತ್ತೇನ್ರಿ.” ತೇಜಸನ ದನಿ ನಡುಗಿತು. “ಆಕಿ ಹೋಗಾಕಿ... ಹೋಗಲಿ ಬಿಡ್ರಿ.”

ಹೋಗಲಿ ಬಿಡ್ರಿ! ‘ಅರಿಹಂತಾ, ಇದನ್ನು ಕೇಳಲೆಂದೇ ನನಗೆ ಕಿವಿ ಕೊಟ್ಟೆಯಾ?’

ಬಿಸಿಲು ಬೇವಿನ ತುದಿಗೆ ಏರಿತ್ತು. ತೇಜಸ ಯಾರ ಮುಖವನ್ನೂ ನೋಡದೆ ಬಸದಿಯ ಹಿಂದಿನ ಬಾವಿಯತ್ತ ನಡೆದ. ಶ್ರದ್ಧಾ ಬೆನ್ನು ಹತ್ತಿದಳು.

“ನಿಲ್ಲು! ನನ್ನ ಊರು ಬಿಡಿಸಾಕ ನಿನಗ ಯಾಕಷ್ಟು ಅವಸರ?”

“ನಿನಗ ಒಳ್ಳೇದಾಗಲಿ ಅಂತ! ಮೆಂಬರ್ ಆದ್ರ ನಿನ್ನ ಲಗ್ನ ಮುರೀತೈತಿ. ಆ ಸಂಬಂಧ ಮನಸ್ಸಿಗೆ ಬಂದೈತೇನು ಅಂತ ನಾ ಕೇಳಿದಾಗ ನೀನ ಹೂಂ ಅಂದಿ, ಇಲ್ಲೋ?”

“ಬಾಗಿಲದಾಗ ಅಪ್ಪಾಜಿ ನಿಂತಿದ್ರು! ಮತ್ತೇನು ಅನ್ನಬೇಕಿತ್ತು?” ಅವಳಿಗೆ ಅಳು ಒತ್ತರಿಸಿ ಬಂತು. “ಮುರೀಲಿ ಅಂತನ ಹೆಸರು ಎತ್ತಿಸೇನಿ, ಹುಚ್ಚಾ! ನಿನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ?”

ತೇಜಸ ಬಾವಿಯ ದಂಡೆ ಹಿಡಿದು ಕುಸಿದು ಕೂತ.

“ಹೋಗಲಿ ಅನ್ನೂವಾಗ ಜೀವ ಹೋದಂಗಾತು ಶ್ರದ್ಧಾ... ನಿನ್ನ ಸುಖ ಕೆಡಸಬಾರದು ಅಂತ ಅಂದೆ.”

“ನನ್ನ ಸುಖ ಯಾವುದು ಅಂತ ನಾ ಒಬ್ಬಾಕಿನ ಇದ್ದಾಗ ಒಮ್ಮಿ ಕೇಳಬಾರದಿತ್ತ?”

 ತೇಜಸ ಎದ್ದು ಕಟ್ಟೆಯತ್ತ ಓಡಿದ, ಅವನ ಹಿಂದೆಯೇ ಶ್ರದ್ಧಾ.

“ಅಜ್ಜಾ, ನಾ ತಪ್ಪು ಹೇಳಿದೆ! ಶ್ರದ್ಧಾ ಎಲ್ಲೂ ಹೋಗಂಗಿಲ್ಲ.” ವರ್ಧಮಾನನ ಎದುರು ನಿಂತು ಕೈ ಮುಗಿದ. “ಕಾಕಾ, ನಿಮ್ಮ ಮಗಳನ್ನ ನನಗ ಕೊಡ್ರಿ. ಆಕಿಗೂ ಮನಸ್ಸೈತಿ.”

 ಮೊದಲು ಬಾಯಿ ಬಿಟ್ಟವಳು ಇಂದುಬಾಯಿ.

“ಹುಡುಗಿ ಇಲ್ಲೇ ಇರಾಕಿ ಅಂದ್ರ ನನ್ನ ತಕರಾರಿಲ್ಲ. ನನಗೂ ಮಣಕಾಲ ಬ್ಯಾನಿ; ಹುಕ್ಕೇರಿ ಬಸ್ಸು ಯಾರು ಹತ್ತಾರ?”

“ಹಂಗಾರ ಶ್ರದ್ಧಾನ ಹೆಸರು,” ಅಂದ ಸತ್ಯಪ್ಪಜ್ಜ.

ವರ್ಧಮಾನನ ಮುಖ ಕಪ್ಪಿಟ್ಟಿತು. ಓಣಿಯ ಮಾತನ್ನು ಅವನು ಮುರಿಯಲಾರ, ಮುರಿಯಬಲ್ಲವಳು ಮಗಳೊಬ್ಬಳೇ. ಎಂದೂ ತಲೆ ಬಾಗಿಸದವನು ಅವಳ ಮುಂದೆ ಬಂದು ನಿಂತ.

“ಮಗಳ, ಹತ್ತರಗಿಯವರಿಗೆ ನಾ ಏನು ಹೇಳ್ಲಿ? ಹೆಸರು ಹಿಂದ ತಗೋ. ಕೈ ಮುಗೀತೇನಿ...”

 ಶ್ರದ್ಧಾ ಅಪ್ಪನ ಮುಗಿದ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ಬಿಡಿಸಿದಳು. ಪಕ್ಕದಲ್ಲಿ ತೇಜಸ ಮೆಲ್ಲಗೆ ಅಂದ, “ನಾ ಇಲ್ಲೇ ಅದೇನಿ.”

“ಗೊತ್ತೈತಿ,” ಅಂದಳು ಅವನಿಗೆ. ಆಮೇಲೆ ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು—

“ಇಲ್ರಿ ಅಪ್ಪಾಜಿ. ತಗೊಳ್ಳಂಗಿಲ್ಲ.”