ಹುಲಿಗೆವ್ವನ ಜಾಗ

ಬಹಳ ಹಿಂದೆ, ಆನೆಗಳು ಇನ್ನೂ ಮನುಷ್ಯರ ಹತ್ತಿರ ದಾರಿ ಕೇಳಿಕೊಂಡು ನಡೆಯುತ್ತಿದ್ದ ಕಾಲದಲ್ಲಿ, ಏಳುಬಂಡೆ ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಕರಿಹೊಳೆ ಹರಿಯುತ್ತಿತ್ತು. ಹೊಳೆಗೆ ಸೇತುವೆ ಇರಲಿಲ್ಲ. ಈ ದಡದವರು ಆ ದಡಕ್ಕೆ ಹೋಗಬೇಕಾದರೆ ಹುಲಿಗೆವ್ವ ಮತ್ತು ಅವಳ ತಮ್ಮ ತಿಪ್ಪನ ಹರಿಗೋಲು ಹತ್ತಬೇಕು, ಇಲ್ಲವೇ ಈಜು ಕಲಿಯಬೇಕು.

ಹರಿಗೋಲೆಂದರೆ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ದುಂಡನೆಯ ದೋಣಿ. ಅದಕ್ಕೆ ಮೂಗಿಲ್ಲ, ಬಾಲವಿಲ್ಲ. ಮನಸ್ಸು ಬಂದ ಕಡೆಗೆ ತಿರುಗುತ್ತದೆ. ಅದಕ್ಕೇ ಇಬ್ಬರು ಬೇಕು. ಮುಂದೆ ಕೂತವರು ಹುಟ್ಟು ಹಾಕಿ ನೀರನ್ನು ತಮ್ಮತ್ತ ಎಳೆಯುತ್ತಾರೆ, ಹಿಂದೆ ಕೂತವರು ದೋಣಿ ಗಿರಕಿ ಹೊಡೆಯದಂತೆ ತಡೆಯುತ್ತಾರೆ. ಏಳುಬಂಡೆಯ ಅಂಬಿಗರಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಹೊರಡುವ ಮೊದಲು ಮುಂದಿನವರು ತಿರುಗಿ ನೋಡದೆ "ಕುಂತ್ಯೇನು?" ಎಂದು ಕೇಳಬೇಕು. ಹಿಂದಿದ್ದವರು, ಹತ್ತಿದ ಮಂದಿಯೆಲ್ಲ ಸೇರಿ, "ಕುಂತೀನಿ" ಎನ್ನಬೇಕು. ಆ ಮಾತು ಆಗದೆ ಹುಟ್ಟು ನೀರು ಮುಟ್ಟುವ ಹಾಗಿಲ್ಲ.

ತಂದೆತಾಯಿ ತೀರಿಕೊಂಡಾಗ ತಿಪ್ಪನಿಗೆ ಏಳು ವರ್ಷ. ಅಂದಿನಿಂದ ಹನ್ನೆರಡು ವರ್ಷ ಹುಲಿಗೆವ್ವ ಮುಂದೆ ಕೂತು ಕೇಳಿದಳು, ತಿಪ್ಪ ಹಿಂದೆ ಕೂತು ಹೇಳಿದ. ನಡುನಡುವೆ ಅವನ ಪ್ರಶ್ನೆಗಳು ಬೇರೆ. ಮೀನಿಗೆ ಬಾಯಾರಿಕೆ ಆಗುತ್ತದೆಯೇ, ಮೋಡ ಯಾರ ಮನೆಯದು, ಆಮೆ ಮುನಿಸಿಕೊಂಡರೆ ಗೊತ್ತಾಗುವುದು ಹೇಗೆ. ಹುಲಿಗೆವ್ವ ಅವನಿಗೆ ಯಾಕಯ್ಯ ಎಂದು ಹೆಸರಿಟ್ಟಿದ್ದಳು. ಉತ್ತರ ಗೊತ್ತಿದ್ದರೆ ಹೇಳುತ್ತಿದ್ದಳು, ಗೊತ್ತಿಲ್ಲದಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಮೂರು ದಿನದ ಜ್ವರಕ್ಕೆ ಹುಲಿಗೆವ್ವ ಸತ್ತುಹೋದಳು.

ತಿಪ್ಪ ಹರಿಗೋಲನ್ನು ನೀರಿಗಿಳಿಸಿ ಎಂದಿನ ಹಾಗೆ ಹಿಂದೆ ಕೂತ. ಮುಂದಿನಿಂದ ಯಾರೂ ಕೇಳಲಿಲ್ಲ. ಕೇಳದೆ ಹೊರಡುವುದು ಹೇಗೆ? ಕೂತೇ ಇದ್ದ. ದೋಣಿ ಇದ್ದಲ್ಲೇ ಬುಗುರಿ ಆಡಿತು. ಒಬ್ಬರೇ ಇದ್ದರೆ ಮುಂದೆ ಕೂರಬೇಕೆಂದು ಅಂಬಿಗರ ಮನೆಯ ಕೂಸಿಗೂ ಗೊತ್ತು. ತಿಪ್ಪನಿಗೂ ಗೊತ್ತಿತ್ತು. ಆದರೆ ಅದು ಅಕ್ಕನ ಜಾಗ.

ಒಂದು ತಿಂಗಳು ಊರಿನವರು ಸುಮ್ಮನಿದ್ದರು, ಆಮೇಲೆ ಗೊಣಗಿದರು. ಆ ದಡದಲ್ಲಿ ಮದುವೆ ನಿಂತಿತು, ಈ ದಡದಲ್ಲಿ ಉಪ್ಪು ಮುಗಿಯಿತು. ಕೊನೆಗೆ ಕುಂಬಾರರ ಬಸಜ್ಜಿ ಬಂದು ಅವನ ತಲೆ ಸವರಿ ಒಂದು ಉಪಾಯ ಹೇಳಿದಳು. ಹೊಳೆ ಹುಟ್ಟುವ ಬಿಳಿಗೆರೆಯಲ್ಲಿ ಹಗುರಯ್ಯ ಎಂಬ ಮಾಂತ್ರಿಕನಿದ್ದಾನೆ, ಎಂಥ ದುಃಖವನ್ನಾದರೂ ಕಿತ್ತು ತೆಗೆಯುತ್ತಾನೆ. ರಾಣಿ ಸತ್ತಾಗ ನಮ್ಮ ಮಹಾರಾಜರೇ ಅಲ್ಲಿಗೆ ಹೋಗಿದ್ದಾರೆ, ಮೂರು ವರ್ಷವಾಯಿತು ಎಂದಳು. ಹೋದ ರಾಜ ತಿರುಗಿ ಬಂದನೇ ಎಂದು ತಿಪ್ಪ ಕೇಳಬೇಕಿತ್ತು. ಕೇಳಲಿಲ್ಲ. ಅಕ್ಕ ಹೋದಾಗಿನಿಂದ ಅವನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಕೆರೆ ದಾಟಬೇಕಲ್ಲ ಎಂದು ಹರಿಗೋಲನ್ನು ಬೋರಲು ಮಾಡಿ ಬೆನ್ನಿಗೇರಿಸಿದ. ಹುಟ್ಟನ್ನು ಊರುಗೋಲು ಮಾಡಿಕೊಂಡ. ಒಬ್ಬನೇ ಹೊರಟ. ಹಿಂದಿನಿಂದ ನೋಡಿದವರಿಗೆ ಎರಡು ಕಾಲಿನ ಆಮೆಯೊಂದು ಊರು ಬಿಟ್ಟು ಹೋಗುವಂತೆ ಕಂಡಿತು. ದುಃಖ ಕಳೆದರೆ ಸಾಕು, ಬೇರೇನೂ ಬೇಡ ಎಂಬುದೊಂದೇ ಅವನ ತಲೆಯಲ್ಲಿತ್ತು.

ಮೊದಲು ಬಿದಿರಿನ ಕಾಡು ಬಂತು. ಎರಡೂ ಕಡೆ ಮುಳ್ಳು, ನಡುವೆ ಒಂದೇ ಕಾಲುದಾರಿ. ಆ ದಾರಿಯ ತುಂಬ ಎತ್ತಿನಷ್ಟು ದೊಡ್ಡ ಬಸವನಹುಳು ಹೋಗುತ್ತಿತ್ತು. ತಿಪ್ಪ ದಾರಿ ಬಿಡು ಎಂದ. ಬಿಡಲಾರೆ, ನನ್ನ ಹಿಂದೆಯೇ ಬಾ, ಹಾರಿ ಹೋದರೆ ದಾರಿಯೇ ಮಾಯವಾಗುತ್ತದೆ ಎಂದಿತು ಹುಳು. ಅವನು ಒಮ್ಮೆ ಹಾರಿಯೂ ನೋಡಿದ. ಹೊರಟ ಜಾಗಕ್ಕೇ ಬಂದು ಬಿದ್ದ.

ಮೂರು ದಿನ ಹುಳುವಿನ ಹಿಂದೆ ನಡೆದ. ಮೊದಲ ದಿನ ಅಳುತ್ತ ನಡೆದ. ಅಳು ನಿಲ್ಲಿಸಲು ಅಲ್ಲಿ ಯಾರೂ ಇರಲಿಲ್ಲ, ಆದ್ದರಿಂದ ಪೂರ್ತಿ ಅತ್ತ. ಎರಡನೆಯ ದಿನ ಅಳಲು ಬೇಸರವಾಗಿ ಅತ್ತಿತ್ತ ನೋಡಿದ. ಬಿದಿರ ಕಳಲೆ ಕಣ್ಣೆದುರೇ ಬೆಳೆಯುತ್ತಿತ್ತು. ಇರುವೆಗಳು ಸತ್ತ ಇರುವೆಯೊಂದನ್ನು ಹೊತ್ತು ಸಾಗುತ್ತಿದ್ದವು. ಮೂರನೆಯ ದಿನ ಅವನಿಗೇ ಗೊತ್ತಾಗದ ಹಾಗೆ ಬಾಯಿಂದ ಒಂದು ಪ್ರಶ್ನೆ ಜಾರಿತು.

"ಇಷ್ಟು ದಿನದಿಂದ ನಡೀತಿದ್ದೀಯಲ್ಲ, ಹೋಗೋದೆಲ್ಲಿಗೆ?"

"ಇನ್ನೂ ಮುಟ್ಟಿಲ್ಲ. ಮುಟ್ಟಿದ ಮ್ಯಾಲೆ ಹೇಳ್ತೀನಿ," ಎಂದಿತು ಹುಳು.

ತಿಪ್ಪನಿಗೆ ನಗು ಬಂತು. ನಕ್ಕ ಕೂಡಲೇ ಬಾಯಿ ಮುಚ್ಚಿಕೊಂಡ, ಏನೋ ಕದ್ದವನಂತೆ. ಹುಳು ಅದನ್ನು ಕಂಡರೂ ಕಾಣದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಹರಿಗೋಲಿನ ತೊಗಲು ಒಂದು ಕಡೆ ಬಿರುಕು ಬಿಟ್ಟಿತ್ತು. ಹುಳುವಿನ ಅಂಟು ತಾಗಿ ಅದು ತಾನಾಗಿ ಮುಚ್ಚಿಕೊಂಡಿತ್ತು.

ಆಮೇಲೆ ಬಂಡೆಗಳ ಬೆಟ್ಟ. ಕಣಿವೆಯ ಬಾಯಲ್ಲಿ ಒಂದು ಬೂದು ಕರಡಿ ಅಡ್ಡ ಕೂತಿತ್ತು. ಅದು ಮಾತಿನ ಸುಂಕ ವಸೂಲಿ ಮಾಡುವ ಕರಡಿ. ಸತ್ತ ನಿನ್ನವರ ಗುರುತೇ ಇಲ್ಲದಿರುವ ಒಂದು ವಸ್ತುವನ್ನು ತೋರಿಸಿದರೆ ಬಿಡುತ್ತೇನೆ, ಸುಳ್ಳು ಹೇಳಿದರೆ ತಿನ್ನುತ್ತೇನೆ ಎಂದಿತು.

ಇದೇನು ಮಹಾ ಎಂದುಕೊಂಡು ತಿಪ್ಪ ನೆಲ್ಲಿಕಾಯಿ ತೋರಿಸಹೊರಟ. ಅಕ್ಕ ಅದಕ್ಕೆ ಉಪ್ಪು ಸವರಿ ಕೊಡುತ್ತಿದ್ದಳು. ಬಂಡೆ ತೋರಿಸೋಣವೆಂದರೆ ಅಂಥದೇ ಬಂಡೆಯ ಮೇಲೆ ಅವಳು ತೊಗಲು ಒಣಗಿಸುತ್ತಿದ್ದಳು. ಮೋಡ ನೋಡಿದ, ಅದು ಯಾರ ಮನೆಯದೆಂದು ಅವಳೇ ಹೇಳಿದ್ದಳು. ಅವಳಿಲ್ಲದ ಒಂದು ಹುಲ್ಲುಕಡ್ಡಿಯೂ ಸಿಗಲಿಲ್ಲ. ಅವನು ಎಲೆ ಮಗುಚಿದ, ಕಲ್ಲು ಎತ್ತಿದ, ಪೊಟರೆಗೆ ಮುಖ ಹಾಕಿದ. ಕರಡಿ ಆಕಳಿಸಿತು.

ಹೊತ್ತು ಮೂರು ಮಾರು ಇಳಿದಾಗ ಪೊದೆಯಿಂದ ಒಂದು ಹಕ್ಕಿ ಎದ್ದಿತು. ಹಸಿರು ಮೈ, ಕೆಂಪು ಕೊರಳು, ಸೀಳು ಬಾಲ. ಅದು ಹಿಂದುಹಿಂದಕ್ಕೆ ಹಾರುತ್ತಿತ್ತು. ತಿಪ್ಪ ಬಾಯಿ ಬಿಟ್ಟು ನೋಡಿದ. ಇದರ ಹೆಸರೇನು? ಹೋಗುವ ಕಡೆ ಏನಿದೆ ಎಂದು ಇದಕ್ಕೆ ಹೇಗೆ ತಿಳಿಯುತ್ತದೆ? ಅಕ್ಕನನ್ನು ಕೇಳಬೇಕು ಎಂದು ಕೊರಳು ತಿರುಗಿಸಿದವನು ಹಾಗೆಯೇ ನಿಂತ.

"ಇದು," ಎಂದ ಕರಡಿಗೆ. "ಇದನ್ನ ಅಕ್ಕ ನೋಡಿಲ್ಲ. ನಾನು ಹೇಳಿದ್ರೆ ಮಾತ್ರ ಅಕೀಗೆ ಗೊತ್ತಾಗಬೇಕು. ಇನ್ನ ಹೇಳೋದು ಯಾರಿಗೆ?"

ಗೆದ್ದವನು ಕುಸಿದು ಕೂತು ಅತ್ತ. ಅಕ್ಕ ಕಾಣದ ಮೊದಲ ವಸ್ತು ಅದು. ಅದನ್ನು ನೋಡಿ ತಾನು ಅವಳನ್ನು ಹಿಂದೆ ಬಿಟ್ಟು ಬಂದೆ ಎನಿಸಿತು ಅವನಿಗೆ.  ಸುಂಕ ಸಂದಿತೆಂದು ಕರಡಿ ಪಕ್ಕಕ್ಕೆ ಸರಿಯಿತು, ಒಂದು ಜೇನುತಟ್ಟಿಯನ್ನು ಮಾತ್ರ ಅವನ ಮುಂದಿಟ್ಟು ಹೋಯಿತು.

ಮೂರನೆಯದಾಗಿ ಮತ್ತೆ ಹೊಳೆಯೇ ಬಂತು. ಕೆರೆಯಿಂದ ಹೊರಬೀಳುವ ಮಡು ಅದು, ಆಳ, ನೀರು ನಿಧಾನ. ಅಲ್ಲಿಂದ ಮುಂದಕ್ಕೆ ಕಾಲುದಾರಿ ಇಲ್ಲ. ತಿಪ್ಪ ಹರಿಗೋಲು ಇಳಿಸಿ, ಅಭ್ಯಾಸಬಲದಿಂದ ಮತ್ತೆ ಹಿಂದೆಯೇ ಕೂತ. ದೋಣಿ ಮೂರು ಸುತ್ತು ತಿರುಗಿ ಅದೇ ದಡಕ್ಕೆ ಬಂತು. ಹುಟ್ಟು ಹಾಕದೆ ಮೂರು ಸಲ ದಡದಿಂದ ತಳ್ಳಿಕೊಂಡ, ಮೂರು ಸಲವೂ ಅದೇ ದಡ. ಮಡುವಿನ ನೀರುನಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಮುಂದಿನ ಜಾಗ ಖಾಲಿ ಇದೆಯಲ್ಲ, ನಾನು ಕೂರುತ್ತೇನೆ ಎಂದಿತು ಅದು. ತಿಪ್ಪ ಒಪ್ಪಲಿಲ್ಲ. ಅದು ಖಾಲಿ ಅಲ್ಲ, ಅಕ್ಕನದು ಎಂದ. ಸರಿ, ಹಾಗಾದರೆ ಸಾಯುವ ತನಕ ಗಿರಕಿ ಹೊಡೆ ಎಂದು ನೀರುನಾಯಿ ಮೀನು ತಿನ್ನಲು ಹೋಯಿತು. ತಿಪ್ಪ ಅರ್ಧ ದಿನ ಹಟ ಹಿಡಿದು ಕೂತ. ಆಮೇಲೆ ಕರಡಿ ಕೊಟ್ಟ ಜೇನುತಟ್ಟಿ ಮುಂದಿಟ್ಟು, ಇಷ್ಟು ದೂರಕ್ಕೆ ಮಾತ್ರ ಎಂದು ಹೇಳಿ, ಅದನ್ನು ಹತ್ತಿಸಿಕೊಂಡ. ಕಲಿಸಿಕೊಟ್ಟ ಕಟ್ಟಳೆಯ ಮಾತನ್ನು ಅದು ಕೇಳಿದಾಗ ಎದೆಯಲ್ಲಿ ಮುಳ್ಳು ಆಡಿದಂತಾಯಿತು. ಆದರೆ ದೋಣಿ ನೆಟ್ಟಗೆ ಹೋಯಿತು. ಕೆರೆಯ ಬಾಯಿ ಬಂದಾಗ ನೀರುನಾಯಿ ನೀರಿಗೆ ಧುಮುಕಿತು.

"ಇಲ್ಲಿಂದಾಚೆ ನಾನು ಬರಂಗಿಲ್ಲ. ಆ ಜಾಗ ನನಗೆ ಹೊಂದೂದಿಲ್ಲ ಬಿಡು. ಅಲ್ಲಿ ಬಿದಿರಿನಾಗ ಎರಡು ಗುಳಿ ಅದಾವು. ಯಾರೋ ಉದ್ದ ಕಾಲಿನವರದು," ಎಂದು ಮುಳುಗಿತು.

ಬಿಳಿಗೆರೆ ಹಾಲಿನಂತೆ ಬೆಳ್ಳಗಿತ್ತು. ದಡದ ಸುತ್ತ ಸಾವಿರಾರು ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತಿದ್ದವು. ಒಂದೂ ಕೂಗುತ್ತಿರಲಿಲ್ಲ, ಗೂಡು ಕಟ್ಟುತ್ತಿರಲಿಲ್ಲ. ಕೆರೆಯ ನಡುವಿನ ಕಟ್ಟೆಯ ಮೇಲೆ ಹಗುರಯ್ಯ ಕೂತಿದ್ದ. ತೆಳ್ಳಗಿನ ಮನುಷ್ಯ, ಬೆಣ್ಣೆಯಂಥ ಮಾತು. ದೋಣಿ ತಾನಾಗಿ ಅವನ ಬಳಿಗೆ ತೇಲಿತು. ದಣಿದಿದ್ದೀಯಪ್ಪ, ಸತ್ತವರ ಹೆಸರನ್ನು ಈ ಮಡಕೆಯೊಳಗೆ ಒಮ್ಮೆ ಹೇಳು, ಬಾಯಿ ಕಟ್ಟಿ ಕೆರೆಯ ತಳಕ್ಕೆ ಬಿಡುತ್ತೇನೆ, ಆಮೇಲೆ ನಿನಗೆ ನೋವೆಂಬುದೇ ಇಲ್ಲ ಎಂದ ಹಗುರಯ್ಯ.

ತಿಪ್ಪ ಮಡಕೆಯನ್ನು ಬಾಯಿ ಹತ್ತಿರ ತಂದ. ಊರು ಬಿಟ್ಟ ದಿನವಾಗಿದ್ದರೆ ಹೇಳಿಬಿಡುತ್ತಿದ್ದ. ಈಗ ನಾಲಗೆ ತುದಿಯಲ್ಲಿ ಬೇರೇನೋ ಕೂತಿತ್ತು. ಈ ಕೊಕ್ಕರೆಗಳು ಯಾಕೆ ಕೂಗುವುದಿಲ್ಲ ಎಂದು ಕೇಳಿದ. ಕೂಗಿ ಕರೆಯಲು ಅವಕ್ಕೆ ಯಾರೂ ನೆನಪಿಲ್ಲ ಎಂದ ಹಗುರಯ್ಯ. ಮೊದಲು ಏನಾಗಿದ್ದವು ಎಂದ ತಿಪ್ಪ. ನಿನ್ನ ಹಾಗೇ ಬಂದವರು ಎಂದ ಹಗುರಯ್ಯ. ಆ ಹೆಸರುಗಳಿಂದ ನಿನಗೇನು ಉಪಯೋಗ ಎಂದ ತಿಪ್ಪ. ಊಟ ಎಂದ ಹಗುರಯ್ಯ, ಮತ್ತು ಇಲ್ಲಿಗೆ ಬಂದವರು ಯಾರೂ ಇಷ್ಟು ಕೇಳುವುದಿಲ್ಲ ಎಂದು ಮುಖ ಗಂಟಿಕ್ಕಿದ.

"ಇನ್ನೊಂದೇ," ಎಂದ ತಿಪ್ಪ. "ದಾರಿಯಾಗ ಒಂದು ಹಕ್ಕಿ ಕಂಡೆ. ಹಿಂದಕ್ಕೆ ಹಾರೋ ಹಕ್ಕಿ. ಹೆಸರು ಕೊಟ್ಟ ಮ್ಯಾಲೆ ಅದು ನನಗೆ ನೆನಪಿರ್ತದೇನು?"

"ಇರ್ತದೆ. ಅದನ್ನ ಯಾರಿಗೆ ಹೇಳಬೇಕಂತಿದ್ದಿ ಅನ್ನೋದು ಇರೋದಿಲ್ಲ."

ತಿಪ್ಪ ಮಡಕೆಯನ್ನು ಕೆಳಗಿಟ್ಟ. "ಹಂಗಾರೆ ಬ್ಯಾಡ. ನೋವು ನನ್ನ ಹತ್ರಾನೇ ಇರ್ಲಿ."

ಹಗುರಯ್ಯನ ಬೆಣ್ಣೆ ಅಲ್ಲಿಗೆ ಕರಗಿತು. ಅವನು ಕೋಲಿನಿಂದ ನೀರು ತಟ್ಟಿದ. ಕೆರೆಯಿಡೀ ತಿರುಗತೊಡಗಿತು. ನಡುವೆ ಸುಳಿ ಬಾಯಿ ತೆರೆಯಿತು, ಅದರ ತಳದಲ್ಲಿ ಸಾವಿರ ಮಡಕೆಗಳು ಕಂಡವು. ತಿಪ್ಪ ಹಿಂದೆ ಕೂತು ದೋಣಿಯ ಅಂಚನ್ನು ಅದುಮಿ ಹಿಡಿದ. ಪ್ರಯೋಜನವಾಗಲಿಲ್ಲ. ಹರಿಗೋಲು ಸುತ್ತಿ ಸುತ್ತಿ ಸುಳಿಯ ಅಂಚಿಗೆ ಬಂತು. ಇನ್ನು ಎರಡು ಸುತ್ತು ಬಂದರೆ ಅವನೂ ಇಲ್ಲ, ಅವಳ ಹೆಸರು ಹೇಳುವವರೂ ಇಲ್ಲ.

ಆಗ ಅವನು ಎದ್ದು ಮುಂದಿನ ಜಾಗಕ್ಕೆ ಹೋಗಿ ಮಂಡಿಯೂರಿದ. ಹನ್ನೆರಡು ವರ್ಷ ಹುಲಿಗೆವ್ವ ಮಂಡಿಯೂರಿ ಸವೆದ ಬಿದಿರಿನಲ್ಲಿ ಎರಡು ಗುಳಿಗಳಿದ್ದವು. ತಿಪ್ಪನ ಮಂಡಿಗಳು ಅವುಗಳಲ್ಲಿ ಸರಿಯಾಗಿ ಕೂತವು.

ಹುಟ್ಟು ಎತ್ತಿದ, ಆದರೆ ನೀರಿಗೆ ಹಾಕಲಿಲ್ಲ. ಪ್ರಾಣ ಹೋಗುವಾಗಲೂ ಕಟ್ಟಳೆ ಕಟ್ಟಳೆಯೇ, ಅಂಬಿಗರು ಹಾಗೆ. ಯಾರಾದರೂ ಕೇಳಲಿ ಎಂದು ಕಾಯ್ದ. ಮುಂದೆ ಕೂತವನು ತಾನು, ಕೇಳಬೇಕಾದವನೂ ತಾನೇ ಎಂದು ಅವನಿಗೆ ಹೊಳೆದದ್ದು ಆಮೇಲೆ. ತಿರುಗಿ ನೋಡದೆ, ಅಕ್ಕನ ಹಾಗೆಯೇ ದನಿ ಎತ್ತರಿಸಿ ಕೇಳಿದ.

"ಕುಂತ್ಯೇನು?"

ದಡದ ಕೊಕ್ಕರೆಗಳು ಕತ್ತು ಎತ್ತಿದವು. ಏಳುಬಂಡೆಯಲ್ಲಿ ಹುಟ್ಟಿ ಹುಲಿಗೆವ್ವನ ಹರಿಗೋಲು ಹತ್ತದವರು ಯಾರಿದ್ದಾರೆ? ಮರೆತ ತಲೆಗಳಿಗೂ ಆ ಪ್ರಶ್ನೆ ಗುರುತಾಯಿತು. ಮೊದಲು ಒಂದು ಕೊಕ್ಕರೆ, ಆಮೇಲೆ ಹತ್ತು, ಆಮೇಲೆ ಸಾವಿರ ಕೊಕ್ಕರೆಗಳು ಒಟ್ಟಿಗೆ ಕೂಗಿದವು: "ಕುಂತೀನಿ."

ತಿಪ್ಪ ಹುಟ್ಟು ಹಾಕಿ ನೀರನ್ನು ತನ್ನತ್ತ ಎಳೆದ. ಹರಿಗೋಲು ಸುಳಿಗೆ ಎದುರಾಗಿ ನೆಟ್ಟಗೆ ನಡೆಯಿತು. ಅದು ಹೋದ ಗೆರೆಯುದ್ದಕ್ಕೂ ನೀರು ತಿರುಗುವುದನ್ನು ಬಿಟ್ಟಿತು, ಸುಳಿ ಬಾಯಿ ಮುಚ್ಚಿತು, ಮಡಕೆಗಳು ಒಂದೊಂದಾಗಿ ಮೇಲಕ್ಕೆ ತೇಲಿದವು. ಕೊಕ್ಕರೆಗಳು ಬಂದು ತಮ್ಮ ತಮ್ಮ ಮಡಕೆ ಕುಕ್ಕಿ ಒಡೆದವು. ಹೆಸರು ಹೊರಬಂದ ಹಾಗೆ ಒಂದೊಂದು ಕೊಕ್ಕರೆಯೂ ಮನುಷ್ಯನಾಯಿತು. ತಾಯಂದಿರು, ಮುದುಕರು, ಒಬ್ಬ ಬಡಗಿ, ಇಬ್ಬರು ಬಳೆಗಾರ್ತಿಯರು ನೀರಲ್ಲಿ ನಿಂತು ತಮ್ಮವರ ಹೆಸರು ಕರೆದು ಅತ್ತರು. ತಿನ್ನಲು ಹೆಸರಿಲ್ಲದೆ ಹಗುರಯ್ಯ ಹಗುರಾದ, ಇನ್ನೂ ಹಗುರಾದ, ಬೂರುಗದ ಹತ್ತಿಯಷ್ಟು ಹಗುರಾಗಿ ಗಾಳಿಯ ಪಾಲಾದ. ಅವನು ಎಲ್ಲಿ ಬಿದ್ದನೆಂದು ಹುಡುಕಲು ಯಾರೂ ಹೋಗಲಿಲ್ಲ.

ಎಲ್ಲರನ್ನೂ ಕೆರೆ ದಾಟಿಸಲು ತಿಪ್ಪನಿಗೆ ನಾಲ್ಕು ದಿನ ಹಿಡಿಯಿತು. ಕೊನೆಯ ಸಲ ಹಿಂದಿನ ಜಾಗದಲ್ಲಿ ಗಡ್ಡ ಬೆಳೆದ ಒಬ್ಬ ಯಜಮಾನ ಕೂತಿದ್ದ. ಅವನೇ ಮಹಾರಾಜ. ಹರಿಗೋಲಿನಲ್ಲಿ ಬಹುವಚನದ ಕಟ್ಟಳೆ ಇಲ್ಲ, ತಿಪ್ಪ ರಾಜನಿಗೂ "ಕುಂತ್ಯೇನು?" ಎಂದೇ ಕೇಳಿದ. ರಾಜ ರಾಣಿಯ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡು, "ಕುಂತೀನಿ" ಎಂದ.

ರಾಜ ಅರಮನೆ ಸೇರಿದ, ರಾಜ್ಯಕ್ಕೆ ಒಡೆಯ ಬಂದ. ನಿಂತಿದ್ದ ಮದುವೆ ನಡೆಯಿತು, ಉಪ್ಪು ದಾಟಿತು, ಬಸಜ್ಜಿ ತಾನು ಹೇಳಿದ್ದು ಒಳ್ಳೆಯ ಉಪಾಯವೆಂದೇ ಸಾಯುವ ತನಕ ಹೇಳಿಕೊಂಡಳು. ಎರಡೂ ದಡದವರು ಉಂಡು ಉಟ್ಟು ಸುಖವಾಗಿದ್ದರು. ತಿಪ್ಪನೂ ಸುಖವಾಗಿದ್ದ, ದುಃಖವನ್ನು ಜೊತೆಯಲ್ಲಿಟ್ಟುಕೊಂಡೇ.

ಸಂಜೆ ಕೊನೆಯ ಮಂದಿಯನ್ನು ಇಳಿಸಿ ಅವನು ಒಬ್ಬನೇ ಮರಳುತ್ತಿದ್ದ. ಆಗಲೂ ಮುಂದೆ ಮಂಡಿಯೂರಿ "ಕುಂತ್ಯೇನು?" ಎಂದು ಕೇಳುತ್ತಿದ್ದ. ಉತ್ತರ ಬರಲು ಹಿಡಿಯುವಷ್ಟು ಹೊತ್ತು ಕಾಯುತ್ತಿದ್ದ. ಆಮೇಲೆ ಹುಟ್ಟು ಹಾಕಿ, ಆ ದಿನ ತಾನು ಮೊದಲ ಸಲ ಕಂಡದ್ದೇನೆಂದು ದಡ ಸೇರುವ ತನಕ ಅಕ್ಕನಿಗೆ ಹೇಳುತ್ತಿದ್ದ.