ಬ್ಯಾಲಿಹೀರಿಯ ಕೊನೆಯ ಪೀಪಾಯಿ

ಪೀಪಾಯಿಯ ಬಿರಡೆ ಕಿತ್ತಾಗ ವಾಸನೆಯೇ ಬರಲಿಲ್ಲ. ಅನುಮಾನ ಹುಟ್ಟಬೇಕಾಗಿದ್ದದ್ದು ಅಲ್ಲೇ. ಆದರೆ ಅಷ್ಟು ಜನ ಸೇರಿದ್ದರು, ಕ್ಯಾಮೆರಾಗಳಿದ್ದವು, ಪಾದ್ರಿಗಳು ಪ್ರಾರ್ಥನೆಯನ್ನು ಬೇಕಾದ್ದಕ್ಕಿಂತ ಉದ್ದ ಎಳೆದಿದ್ದರು. ಯಾರ ಮೂಗೂ ಕೆಲಸ ಮಾಡುತ್ತಿರಲಿಲ್ಲ. ನಮ್ಮ ಪೀಪಾಯಿ ಕೆಲಸದ ಲೋರ್ಕನ್ ತಾಮ್ರದ ಕೊಳವೆಯನ್ನು ಒಳಗಿಳಿಸಿ, ಮೇಲಿನ ತೂತಿಗೆ ಹೆಬ್ಬೆರಳು ಒತ್ತಿ ಎತ್ತಿದ, ಲೋಟಗಳಿಗೆ ಬಿಟ್ಟ. ಬಣ್ಣವೇನೋ ಇತ್ತು—ತಿಳಿ ಕಂದು. ಮಾಲೀಕ ರೆಡ್ಮಂಡ್ ಲಿಸ್ಟರ್ ಅಜ್ಜನನ್ನು ನೆನೆದು ನಾಲ್ಕು ಮಾತಾಡಿ ಒಂದು ಗುಟುಕು ಕುಡಿದರು.

ನುಂಗಲಿಲ್ಲ. ಕರವಸ್ತ್ರಕ್ಕೆ ಉಗಿದರು.

"ನೀರು" ಎಂದರು.

ಲೋರ್ಕನ್ ತಾನೂ ನಾಲಿಗೆಗೆ ಹಚ್ಚಿ ನೋಡಿದ. "ನೀರೇ. ಅದೂ ಹಳಸಿದ್ದು. ಬಣ್ಣ ಮರದ್ದು."

ಅದು ಅಂತಿಂಥ ಪೀಪಾಯಿಯಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮೂರ ವಿಸ್ಕಿ ಭಟ್ಟಿ ಮುಚ್ಚಿತು. ರೆಡ್ಮಂಡರ ಅಜ್ಜ ಉಗ್ರಾಣದ ಪೀಪಾಯಿಗಳನ್ನೆಲ್ಲ ಮಾರಿ ಒಂದನ್ನು ಮಾತ್ರ ಉಳಿಸಿಕೊಂಡರು. ಅದನ್ನು ಗೇಟಿನ ಪಕ್ಕದ ಹಳೆಯ ಕುದುರೆ ಲಾಯದಲ್ಲಿ ಇರಿಸಿ, ಸರಳಿನ ಬಾಗಿಲು ಹಾಕಿಸಿ, ತಾಮ್ರದ ಹಂಡೆಗಳು ಮತ್ತೆ ಕಾದು ಚೆನ್ನಾಗಿ ನಡೆಯುವ ದಿನ ಬಂದರೆ ಇದನ್ನು ತೆರೆಯಿರಿ ಎಂದು ಹೇಳಿ ಕಣ್ಣು ಮುಚ್ಚಿದರು. ಮೊಮ್ಮಗ ಹಂಡೆ ಕಾಯಿಸಿದರು. ಈಗ ಬಸ್ಸುಗಟ್ಟಲೆ ಪ್ರವಾಸಿಗರು ಬರುತ್ತಾರೆ. ಅವರನ್ನು ಸುತ್ತಾಡಿಸಿ, ಕೊನೆಗೆ ರುಚಿ ನೋಡಲು ಪುಟ್ಟ ಲೋಟಗಳ ಮುಂದೆ ಕೂರಿಸುವುದು ನನ್ನ ಕೆಲಸ. ನನ್ನ ಹೆಸರು ಡಿಂಪ್ನಾ ಹೆಶನ್. ಏನೇ ತೋರಿಸಿದರೂ ಅವರು ಫೋಟೊ ಹೊಡೆಯುವುದು ಆ ಪೀಪಾಯಿಯನ್ನೇ.

ಈಗ ಅದರಲ್ಲಿ ನೀರು. ಬೀಗ ಒಡೆದಿಲ್ಲ. ಬೀಗದ ಕೈಗಳು ಎರಡೇ—ಒಂದು ರೆಡ್ಮಂಡರ ತಿಜೋರಿಯಲ್ಲಿ, ಇನ್ನೊಂದು ದೊಡ್ಡ ಅತಿಥಿಗಳು ಬಂದರೆ ಬಾಗಿಲು ತೆರೆಯಲೆಂದು ನನ್ನ ಕೊರಳಲ್ಲಿ.

ಜನ ಚದುರಿದ ಮೇಲೆ ರೆಡ್ಮಂಡ್ ನನ್ನನ್ನು ಒಳಗೆ ಕರೆದರು. ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೂ ಜಗಳಕ್ಕೆ ಅನುಕೂಲವಾಗುತ್ತಿತ್ತು.

"ಡಿಂಪ್ನಾ, ಹೇಳೋದೇನಾದ್ರೂ ಇದ್ರೆ ಸಂಜೆಯೊಳಗೆ ನನಗೇ ಹೇಳಿ. ಇಲ್ದಿದ್ರೆ ಠಾಣೆಗೆ ಫೋನ್ ಮಾಡ್ಬೇಕಾಗತ್ತೆ. ಬೀಗದ ಕೈ ಇಲ್ಲಿ ಕೊಡಿ."

ಕೊರಳಿನಿಂದ ತೆಗೆದು ಕೊಟ್ಟೆ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಬ್ಯಾಲಿಹೀರಿಯಂಥ ಊರಲ್ಲಿ 'ಕೊನೆಯ ಪೀಪಾಯಿ ಕುಡಿದವಳು' ಎಂಬ ಹೆಸರು ಬಿದ್ದರೆ ಅದು ನನ್ನ ಗೋರಿಕಲ್ಲಿನವರೆಗೂ ಬರುತ್ತದೆ, ಅಲ್ಲಿಗೂ ನಿಲ್ಲದೆ ಮಗಳ ಬೆನ್ನು ಹತ್ತುತ್ತದೆ. ನನ್ನ ಅಪ್ಪ ಹಳೆಯ ಭಟ್ಟಿ ಮುಚ್ಚುವ ತನಕ ದುಡಿದ ಜಾಗ ಅದು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

ನೇರ ಫಿಂಟನ್ ಲೂಬಿಯವರ ಮನೆಗೆ ಹೋದೆ.

ಫಿಂಟನ್ ನಿವೃತ್ತ ಅಬಕಾರಿ ಅಧಿಕಾರಿ. ಬದುಕಿಡೀ ವಿಸ್ಕಿ ಕಾವಲು ಕಾದರೂ ಒಂದು ಹನಿ ಬಾಯಿಗೆ ಬಿಟ್ಟವರಲ್ಲ. ಕುಡಿಯುವುದಿಲ್ಲವೆಂದು ಚಿಕ್ಕಂದಿನಲ್ಲೇ ಚರ್ಚಿನಲ್ಲಿ ಆಣೆ ಮಾಡಿದವರು ಅವರು. ಅದರ ಗುರುತಿಗೆ ಕೋಟಿನ ಅಂಚಿನಲ್ಲಿ ಸದಾ ಒಂದು ಪುಟ್ಟ ಬಿಲ್ಲೆ. ಅವರ ಕಸುಬಿನ ಬಗ್ಗೆ ಊರು ನಗದ ದಿನವಿಲ್ಲ. ಸಮಾರಂಭದಲ್ಲಿ ಅವರೂ ಇದ್ದರು, ಹಿಂದೆ ಗೋಡೆಗೊರಗಿ ಚಹಾ ಕುಡಿಯುತ್ತ.

ನನ್ನ ಗೋಳನ್ನು ಪೂರ್ತಿ ಕೇಳಿ, ನನ್ನ ಮುಂದೆ ಬ್ರೆಡ್ಡು ಬೆಣ್ಣೆ ಇಟ್ಟರು. "ಮೊದ್ಲು ತಿನ್ನು. ಲೋರ್ಕನ್ ಮೇಲೆ ಅನುಮಾನ ಇದ್ಯಾ ನಿನಗೆ?"

ಇತ್ತು ಎಂದು ಒಪ್ಪಿಕೊಂಡೆ. ಬೀಗ ತೆಗೆಯದೆ ಕದಿಯುವುದು ಪೀಪಾಯಿ ಕೆಲಸದವರಿಗೆ ಗೊತ್ತು. ಸರಳಿನ ಸಂದಿಯಿಂದ ಕೈ ಹಾಕಿ, ಕಬ್ಬಿಣದ ಪಟ್ಟಿಯನ್ನು ಚೂರು ಸರಿಸಿ, ಅದರಡಿ ತೂತು ಕೊರೆದು ಬಸಿದು, ನೀರು ತುಂಬಿ, ಬೆಣೆ ಬಡಿದು ಪಟ್ಟಿಯನ್ನು ಮತ್ತೆ ಅದರ ಜಾಗಕ್ಕೆ ತಂದರೆ ಮುಗಿಯಿತು.

"ಬಾ, ನೋಡೋಣ" ಎಂದು ಎದ್ದರು.

ಲಾಯದ ಬಾಗಿಲು ಇನ್ನೂ ತೆರೆದೇ ಇತ್ತು. ಇನ್ನು ಕಾಯುವುದೇನಿದೆ ಅಲ್ಲಿ? ಫಿಂಟನ್ ಮಂಡಿಯೂರಿ ಪೀಪಾಯಿಯ ಪ್ರತಿ ಪಟ್ಟಿಯ ಅಂಚನ್ನೂ ಉಗುರಿನಿಂದ ಗೀರಿ ನೋಡಿದರು. ತುಕ್ಕು ಮರಕ್ಕೆ ಕಚ್ಚಿಕೊಂಡು ಕೂತಿತ್ತು. ಯಾವ ಪಟ್ಟಿಯೂ ಎಷ್ಟೋ ವರ್ಷದಿಂದ ಅಲುಗಿರಲಿಲ್ಲ. ಲೋರ್ಕನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾನು ಕೊರೆದಿದ್ದರೆ ಇಷ್ಟು ನಾಜೂಕಾಗಿ ಆಗುತ್ತಿರಲಿಲ್ಲ ಸ್ವಾಮಿ, ನನ್ನ ಕೆಲಸ ನಿಮಗೆ ಗೊತ್ತಲ್ಲ, ಎಂದು ಅವನೇ ಹೇಳಿ ಹೊರಟುಹೋದ. ಅದು ನಿಜವೂ ಹೌದು.

ಫಿಂಟನ್ ಬಟ್ಟೆ ಕೊಡವಿಕೊಂಡು ಎದ್ದರು. "ಈಗ ನನಗೆ ಭಟ್ಟಿ ತೋರ್ಸು. ಪ್ರವಾಸಿಗರಿಗೆ ಹೇಳ್ತೀಯಲ್ಲ, ಹಾಗೇ. ಒಂದು ಮಾತೂ ಬಿಡಬೇಡ."

"ನೀವು ಇಲ್ಲೇ ಹುಟ್ಟಿದೋರು. ನಿಮಗೇನು ತೋರ್ಸೋದು?"

"ನೋಡೋಕಲ್ಲ, ಕೇಳೋಕೆ."

ಹುಚ್ಚು ಅನ್ನಿಸಿದರೂ ಶುರು ಮಾಡಿದೆ. ಬಾಯಿಪಾಠ ತಾನೇ. ಬಾರ್ಲಿ ನೆನೆಸುವ ಜಾಗ ತೋರಿಸಿದೆ. ತಾಮ್ರದ ಹಂಡೆಗಳ ಮುಂದೆ ನಿಂತು, ಮೂರು ಸಲ ಭಟ್ಟಿ ಇಳಿಸುವುದೇ ನಮ್ಮ ಹೆಮ್ಮೆ ಎಂದೆ. ಉಗ್ರಾಣದ ಮುಂದೆ ಬಂದು ಅದರ ಕಪ್ಪು ಗೋಡೆಗಳತ್ತ ಕೈ ತೋರಿಸಿದೆ. ಪೀಪಾಯಿಯ ಮರದಿಂದ ವಿಸ್ಕಿ ಸದಾ ಉಸಿರಾಡುತ್ತದೆ, ವರ್ಷವರ್ಷವೂ ಒಂದಿಷ್ಟು ಆವಿಯಾಗುತ್ತದೆ, ಅದಕ್ಕೆ ನಾವು ಹೇಳುವುದು ದೇವದೂತರ ಪಾಲು ಎಂದು. ಆ ಆವಿ ಕುಡಿದು ಬದುಕುವ ಕರಿ ಬೂಸ್ಟು ಗೋಡೆಗೆ, ಚಾವಣಿಗೆ, ಅಂಗಳದ ಮರಕ್ಕೆ, ಅಕ್ಕಪಕ್ಕದವರು ಒಣಗಹಾಕಿದ ಬಟ್ಟೆಗೂ ಹತ್ತುತ್ತದೆ. ಈ ಮಾತಿಗೆ ಪ್ರವಾಸಿಗರು ನಗುತ್ತಾರೆ. ಫಿಂಟನ್ ನಗಲಿಲ್ಲ.

ಮತ್ತೆ ಲಾಯಕ್ಕೆ ಬಂದೆವು. ಪೀಪಾಯಿ ಬಂದ ದಿನ ಇಲ್ಲಿಗೆ ಸುಣ್ಣ ಬಳಿಸಿದ್ದರು, ಆಮೇಲೆ ಒಳಗೆ ಕುಂಚ ಸೋಕಬಾರದು ಎಂದು ಅಜ್ಜನ ಆಜ್ಞೆ, ಆ ದಿನದ ಸುಣ್ಣವೇ ಇನ್ನೂ ಹೇಗಿದೆ ನೋಡಿ...

ಅಲ್ಲಿಗೆ ಫಿಂಟನ್ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. "ಸಾಕು. ಬೆಳಿಗ್ಗೆ ಮ್ಯಾಲಕಿ ಏನು ಮಾಡ್ತಿದ್ದ, ನೆನಪಿದ್ಯಾ?"

ಮ್ಯಾಲಕಿ ಕ್ವಿರ್ಕ್ ಹಳೆಯ ಭಟ್ಟಿಯಲ್ಲಿ ಹಂಡೆ ನೋಡಿಕೊಳ್ಳುತ್ತಿದ್ದ ಮುದುಕ. ಆ ಕಾಲದವರಲ್ಲಿ ಉಳಿದಿರುವವನು ಅವನೊಬ್ಬನೇ. ಇವತ್ತಿನ ಮುಖ್ಯ ಅತಿಥಿಯೂ ಅವನೇ. ಪೀಪಾಯಿ ತೆರೆಯುವ ಮಾತೆತ್ತಿದಾಗಲೆಲ್ಲ 'ಇನ್ನೂ ಸ್ವಲ್ಪ ಇರಲಿ ಬಿಡು' ಎಂದು ವರ್ಷಗಟ್ಟಲೆ ತಳ್ಳಿಕೊಂಡು ಬಂದಿದ್ದ. ಬೆಳಿಗ್ಗೆ ಲೋಟ ಹಿಡಿದು ಕೂತಿದ್ದ, ಅಷ್ಟೇ. ಗಲಾಟೆ ಶುರುವಾಗುತ್ತಲೇ ಅವನ ಎದೆಗೆ ಆಯಾಸವಾದೀತೆಂದು ತಂಗಿಯ ಮಗಳು ಕಾರಿನಲ್ಲಿ ಮನೆಗೆ ಕರೆದುಕೊಂಡು ಹೋದಳು.

"ಲೋಟ ಮೂಗಿನ ಹತ್ರ ಒಯ್ದನಾ?"

ಯೋಚಿಸಿದೆ. ಮ್ಯಾಲಕಿ ಚಹಾ ಕೊಟ್ಟರೂ ಮೂಸದೆ ಕುಡಿಯುವವನಲ್ಲ. "ಇಲ್ಲ" ಎಂದೆ.

"ನಿನ್ನಪ್ಪ ತೀರಿಕೊಂಡಾಗ, ಹೆಣ ಕಾಯೋ ಜಾಗರಣೆ ದಿನ ಅವನು ಕೋಟಿನೊಳಗೆ ಒಂದು ಬಾಟ್ಲಿ ತಂದಿದ್ನಲ್ಲ?"

ತಂದಿದ್ದ. ಹಳೆಯ ಭಟ್ಟಿಯ ಯಾರು ಸತ್ತರೂ, ಹೆಣ ಮುಂದಿನ ಕೋಣೆಯಲ್ಲಿ ಮಲಗಿರುವಾಗ ಮ್ಯಾಲಕಿ ಚೀಟಿಯಿಲ್ಲದ ಬಾಟ್ಲಿಯೊಂದಿಗೆ ಬರುತ್ತಿದ್ದ. ಬಂದವರಿಗೆಲ್ಲ ತಾನೇ ಒಂದೊಂದು ಹನಿ ಹಾಕುತ್ತಿದ್ದ. ಎಲ್ಲರೂ ಅದು ಗುಡ್ಡದ ಕಳ್ಳಭಟ್ಟಿ ಅಂದುಕೊಂಡಿದ್ದೆವು. ಅಬಕಾರಿಯವರ ಎದುರಿಗೇ ಕಳ್ಳಭಟ್ಟಿ ಸುರಿಯುವ ಇವನ ಧೈರ್ಯ ನೋಡಿ ಎಂದು ನಗುತ್ತಿದ್ದೆವು.

"ಬಣ್ಣ?"

"ಜೇನಿನ ಹಾಗೆ..." ಎಂದೆ. ಹೇಳುತ್ತಲೇ ತಪ್ಪು ತಿಳಿಯಿತು. ಮರದ ಪೀಪಾಯಿ ಕಾಣದ ಕಳ್ಳಭಟ್ಟಿಗೆ ಬಣ್ಣವೇ ಇರುವುದಿಲ್ಲ.

ಫಿಂಟನ್ ಹೋಗಿ ರೆಡ್ಮಂಡರನ್ನು ಕರೆತಂದರು. ನಾವು ಮೂವರೂ ಹೊಳೆ ದಾಟಿ ಮ್ಯಾಲಕಿಯ ಮನೆಗೆ ಹೋದೆವು. ದಾರಿಯಲ್ಲಿ ರೆಡ್ಮಂಡ್ ಎರಡು ಸಲ ಕೈಗಡಿಯಾರ ನೋಡಿಕೊಂಡರು. ನಾನು ಅವರಿಗೆ ಹೇಳಬೇಕಾದ ಖಾರದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಮುದುಕ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿದ್ದ. ನಮ್ಮನ್ನು ನೋಡಿ ಆಶ್ಚರ್ಯಪಡಲಿಲ್ಲ. ಕೂತುಕೊಳ್ಳಿ ಎಂದ. ಫಿಂಟನ್ ಕೂತರು, ರೆಡ್ಮಂಡ್ ನಿಂತೇ ಇದ್ದರು.

"ಡಿಂಪ್ನಾ ಆ ಪೀಪಾಯಿಯಿಂದ ಏನೂ ಕದ್ದಿಲ್ಲ" ಎಂದು ಫಿಂಟನ್ ಶುರು ಮಾಡಿದರು. "ಯಾರೂ ಕದ್ದಿಲ್ಲ. ಯಾಕಂದ್ರೆ ಅದರಲ್ಲಿ ಯಾವತ್ತೂ ವಿಸ್ಕಿ ಇರಲೇ ಇಲ್ಲ."

"ಏನು ಮಾತಾಡ್ತಿದೀರಿ ನೀವು?" ಎಂದರು ರೆಡ್ಮಂಡ್.

"ನಿಮ್ಮ ಲಾಯದ ಗೋಡೆ ಯಾವ ಬಣ್ಣ?"

"ಬಿಳಿ."

"ಉಗ್ರಾಣದ್ದು?"

ರೆಡ್ಮಂಡ್ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತರು.

ಫಿಂಟನ್ ಶಾಂತವಾಗಿ ಬಿಡಿಸಿ ಹೇಳಿದರು. ಕದ್ದ ವಿಸ್ಕಿಯ ಪೀಪಾಯಿಗಳನ್ನು ಬಚ್ಚಿಟ್ಟ ಮನೆ ಹುಡುಕುವಾಗ ಅಬಕಾರಿಯವರು ಬಾಗಿಲು ತಟ್ಟುತ್ತಿರಲಿಲ್ಲವಂತೆ, ಹಿತ್ತಲ ಗೋಡೆ ನೋಡುತ್ತಿದ್ದರಂತೆ. ವಿಸ್ಕಿ ಇದ್ದಲ್ಲಿ ಕರಿ ಬೂಸ್ಟು ಇರಲೇಬೇಕು. ಅಷ್ಟು ವರ್ಷ, ಅಷ್ಟು ಸಣ್ಣ ಕೋಣೆಯಲ್ಲಿ ಒಂದು ಪೀಪಾಯಿ ವಿಸ್ಕಿ ಉಸಿರಾಡಿದ್ದರೆ ಅಜ್ಜ ಬಳಿಸಿದ ಸುಣ್ಣ ಇದ್ದಿಲಾಗಬೇಕಿತ್ತು. ಅದು ಬೆಳ್ಳಗಿದೆ. ಆ ಬಿಳುಪನ್ನೇ ತೋರಿಸಿ ಹೆಮ್ಮೆಪಡುವುದು ನಮ್ಮ ವಾಡಿಕೆ. ಕಪ್ಪು ಯಾಕೆ ಬರುತ್ತದೆಂದು ಉಗ್ರಾಣದ ಮುಂದೆ ಹೇಳಿ, ಗೇಟಿನ ತನಕ ನಡೆದು ಬಂದು ಬಿಳುಪು ನೋಡಿ ಎಂದು ಹೇಳುತ್ತಿದ್ದವಳು ನಾನೇ. ಎಷ್ಟು ಸಾವಿರ ಜನರಿಗೆ ಹೇಳಿದ್ದೇನೋ. ಒಬ್ಬರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

"ನಿಮಗೆ ಹೇಗೆ ಹೊಳೀತು?" ಎಂದೆ.

"ಬೆಳಿಗ್ಗೆ ಎಲ್ಲರ ಕಣ್ಣೂ ಲೋಟದ ಮೇಲಿತ್ತು. ನಾನು ಕುಡಿಯೋನಲ್ಲ. ಮಾಡೋಕೆ ಕೆಲಸ ಇಲ್ದೆ ಗೋಡೆ ನೋಡ್ತಾ ನಿಂತೆ." ಆಮೇಲೆ ಮುದುಕನ ಕಡೆ ತಿರುಗಿದರು. "ನೀನೂ ಲೋಟ ಮೂಸಲಿಲ್ಲ. ನೀರನ್ನ ಯಾಕೆ ಮೂಸಬೇಕು, ಅಲ್ವಾ ಮ್ಯಾಲಕಿ? ಪೀಪಾಯಿ ಬದಲಾಯಿಸಿದೋನು ನೀನೇ."

ಮ್ಯಾಲಕಿ ನನ್ನ ಮುಖ ನೋಡಿದ. "ಇವಳ ಮೇಲೆ ಹಾಕಿದ್ರಾ?"

ರೆಡ್ಮಂಡ್ ಹೌದೆಂದು ತಲೆಯಾಡಿಸಿದರು.

"ನನಗೆ ಗೊತ್ತಿರ್ಲಿಲ್ಲ ಮಗಳೇ" ಎಂದ ಮುದುಕ. " ಬೆಳಿಗ್ಗೇನೇ ಹೇಳೋಣ ಅಂತ ಬಾಯಿ ತೆಗೆದೆ. ಪಾದ್ರಿಗಳು ಪ್ರಾರ್ಥನೆ ಶುರು ಮಾಡಿಬಿಟ್ರು. ಅವರು ಮುಗಿಸೋ ಹೊತ್ತಿಗೆ ನನ್ನ ಧೈರ್ಯಾನೂ ಮುಗೀತು."

ಆಮೇಲೆ ರೆಡ್ಮಂಡರಿಗೆ ಹೇಳಿದ. "ಮುಚ್ಚೋ ಹೊತ್ತಿಗೆ ನಾವು ಆರು ಜನ ಉಳಿದಿದ್ವಿ. ದಿನಾ ಕೆಲಸ ಮುಗಿದ್ಮೇಲೆ ಆಳಿಗೊಂದು ಲೋಟ, ಅದು ಆ ಭಟ್ಟಿ ಪದ್ಧತಿ. ಕೊನೇ ದಿವಸ ಬೆಳಿಗ್ಗೆ ನಿನ್ನಜ್ಜ ಬಂದು, ಇವತ್ತು ಲೋಟ ಇಲ್ಲ, ಎಲ್ಲಾ ಮಾರಿ ಆಗಿದೆ ಅಂದ್ರು. ಹೋಗಿಬನ್ನಿ ಅಂತ ಒಂದು ಮಾತಿಲ್ಲ. ಒಂದು ಪೀಪಾಯಿ ಮಾತ್ರ ಲಾಯಕ್ಕೆ ಉರುಳಿಸಿ ಅಂದ್ರು. ಉರುಳಿಸಿದ್ವಿ. ಸೋರತ್ತಾ ಅಂತ ನೋಡೋಕೆ ನೀರು ತುಂಬಿಟ್ಟ ಹಳೇ ಪೀಪಾಯಿ ಒಂದು ಮೂಲೇಲಿತ್ತು. ಯಾವುದನ್ನ ಉರುಳಿಸಿದ್ರಿ ಅಂತ ಅವರು ಕೇಳ್ಲಿಲ್ಲ."

"ವಿಸ್ಕಿ?"

"ಸತ್ತೋರಿಗೆ ಜಾಗರಣೆ ಬೇಡ್ವಾ? ಭಟ್ಟಿಗೆ ಯಾರೂ ಮಾಡ್ಲಿಲ್ಲ. ಭಟ್ಟಿಲಿ ದುಡಿದೋರು ಯಾರು ಹೋದಾಗಲೂ ಅದನ್ನೇ ಹಾಕೋದು, ಸತ್ತೋರಿಗೂ ಭಟ್ಟಿಗೂ ಸೇರಿಸಿ ಆಗತ್ತೆ ಅಂತ ಮಾತಾಡ್ಕೊಂಡ್ವಿ. ಬಾಟ್ಲಿಗೆ ತುಂಬಿ ಈ ಮನೆ ನೆಲದಡಿ ಇಟ್ವಿ. ಇವಳಪ್ಪನೂ ಕೈ ಜೋಡಿಸಿದ್ದ."

ಅಪ್ಪ ನನಗೆ ಒಂದು ದಿನವೂ ಹೇಳಿರಲಿಲ್ಲ. ಅವನ ಜಾಗರಣೆಯಲ್ಲಿ, ಅವನ ತಲೆಯ ಹತ್ತಿರ ನಿಂತು, ನಾನು ಕುಡಿದದ್ದು ಅವನ ಕೈಯಿಂದ ಇಳಿದ ವಿಸ್ಕಿ. ಈಗ ಅತ್ತುಬಿಟ್ಟೆ. ಯಾರೂ ತಡೆಯಲಿಲ್ಲ.

ಮುದುಕ ಎದ್ದು ಬೀರುವಿನ ಹಿಂದಿನಿಂದ ಒಂದು ಬಾಟ್ಲಿ ತಂದು ಮೇಜಿನ ಮೇಲಿಟ್ಟ. ಇದೊಂದೇ ಉಳಿದಿರುವುದು, ನನ್ನ ಜಾಗರಣೆಗೆ ಇಟ್ಟುಕೊಂಡಿದ್ದೆ ಎಂದ. ಬಿರಡೆ ಕಿತ್ತು, ರೆಡ್ಮಂಡರಿಗೆ, ನನಗೆ, ತನಗೆ ಹಾಕಿದ. ಫಿಂಟನ್ ಚಹಾಗೆ ನೀರು ಕಾಯಿಸಿಕೊಂಡರು. ವಾಸನೆ ಕೋಣೆಯಿಡೀ ತುಂಬಿತು, ಬೆಳಿಗ್ಗೆ ಬರಬೇಕಾಗಿದ್ದ ವಾಸನೆ.

ರೆಡ್ಮಂಡ್ ಗುಟುಕು ಕುಡಿದು ಈ ಸಲ ನುಂಗಿದರು. ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. "ಅಜ್ಜ ಇದನ್ನ ಕುಡೀತಿದ್ರಾ?"

"ದಿನಾ" ಎಂದ ಮ್ಯಾಲಕಿ. "ನಮ್ಮ ಜೊತೆ ಅಲ್ಲ, ಅಷ್ಟೇ."

ರೆಡ್ಮಂಡ್ ಜೇಬಿನಿಂದ ಬೀಗದ ಕೈ ತೆಗೆದು ನನ್ನ ಮುಂದಿಟ್ಟು, ನನ್ನಿಂದ ತಪ್ಪಾಯಿತು ಎಂದರು. ನಾನು ಜೋಡಿಸಿಟ್ಟಿದ್ದ ಖಾರದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬೀಗದ ಕೈ ಕೊರಳಿಗೆ ಹಾಕಿಕೊಂಡೆ.

"ನಿಮ್ಮ ಜಾಗರಣೆಗೆ ನಾನು ತರ್ತೀನಿ" ಎಂದು ಅವರು ಮುದುಕನಿಗೆ ಹೇಳಿದರು. "ನಮ್ಮ ಹೊಸ ಹಂಡೇದು. ಒಂದು ಪೀಪಾಯಿ ಪೂರ್ತಿ. ಯಾವುದು ಅಂತ ನೀವೇ ಆರಿಸಿ."

"ಎಷ್ಟು ವರ್ಷದ್ದು?"

"ಆರು."

ಮ್ಯಾಲಕಿ ಮುಖ ಸಿಂಡರಿಸಿ ಬಾಟ್ಲಿಗೆ ಬಿರಡೆ ಒತ್ತಿದ.

"ಆರಾ? ಹಾಗಾದ್ರೆ ಇನ್ನೂ ಸ್ವಲ್ಪ ಇರಲಿ ಬಿಡು. ನಾನೂ ಇರ್ತೀನಿ."