ಲುವಾನ್ ತಾತನ ಸರದಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕಣ್ಣಾರೆ ಕಂಡವಳು ನಾನು! ತಿಯಾನ್‌ಜಿನ್‌ನ ಸಿಂಹವನ ಸೇತುವೆಯ ಪಕ್ಕ ಹೆಸರುಹಿಟ್ಟಿನ ದೋಸೆ ಹುಯ್ಯುತ್ತೇನೆ. ನಮ್ಮೂರಿನವರು ದೋಸೆಯ ಮೇಲೆ ಒಡೆದು ಹಾಕಿಸಿಕೊಳ್ಳಲು ಮೊಟ್ಟೆಯನ್ನು ಮನೆಯಿಂದಲೇ ತಂದು, ನನ್ನ ಹಲಗೆಯ ಮೇಲೆ ಸಾಲಾಗಿಟ್ಟು ಸರದಿ ಹಿಡಿಯುತ್ತಾರೆ.

ಅಂದು ಬೆಳಿಗ್ಗೆ ನದಿಯಲ್ಲಿ ದೋಣಿ ಪಂದ್ಯ; ದಡದ ತುಂಬ ಡೋಲು, ಕೇಕೆ. ಆ ಧಗೆಯಲ್ಲೂ ಸಾಲಿನ ಕೊನೆಯ ಮೊಟ್ಟೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಮೇಲೆ ಪೆನ್ಸಿಲಿನಲ್ಲಿ ‘ಲುವಾನ್’ ಎಂದಿತ್ತು.

“ದಿನಾ ಸೇತುವೆಯಿಂದ ನೀರಿಗೆ ಧುಮುಕಿ ಈಜ್ತಿದ್ದ ಲುವಾನ್ ತಾತ ಸತ್ತು ವಾರ ಆಯ್ತಲ್ರೋ! ಯಾರದಿದು ತಮಾಷೆ?” ಎಂದೆ.

“ಬದುಕಿದ್ದಾಗ ಸಾಲಲ್ಲಿ ಮುಂದಕ್ಕೆ ನುಗ್ತಿದ್ದ. ಸತ್ತ ಮೇಲಾದ್ರೂ ಕೊನೇಲಿ ನಿಂತಿದ್ದಾನೆ ನೋಡಕ್ಕ!” ಎಂದ ಮುಂದಿದ್ದವನು. ಎಲ್ಲರೂ ನಕ್ಕರು.

ಸಾಲಿನಲ್ಲಿದ್ದ ತಾತನ ಹೆಂಡತಿ ನಗಲಿಲ್ಲ. “ಅದು ನನ್ನ ಕೈಬರಹ. ದಾರಿಗಿರಲಿ ಅಂತ, ಅವರನ್ನ ಸುಡೋಕೆ ಮುಂಚೆ ಈ ಮೊಟ್ಟೇನ ಅವರ ಜೇಬಲ್ಲಿಟ್ಟಿದ್ದೆ ಕಣೇ.”

ಯಾರೋ ನೀರಿಗೆ ಧುಮುಕಿದ ಸದ್ದಿಗೆ ಎಲ್ಲರೂ ಅತ್ತ ತಿರುಗಿದೆವು. ಮತ್ತೆ ಹಲಗೆ ನೋಡಿದರೆ, ಕೊನೆಯಲ್ಲಿದ್ದ ಆ ಮೊಟ್ಟೆ ಸಾಲಿನ ಮೊದಲಲ್ಲಿತ್ತು.